ಕತ್ತಲೆಯ ಆಕರ್ಷಣೆ: ಕೆನಡಾದ ಅಸಾಂಪ್ರದಾಯಿಕ ಚಲನಚಿತ್ರಗಳ ಕೆಲವು ನೆಲೆಗಳು

1. ಪ್ರವೇಶ

ಒಂದು ದೇಶದ ಚಲನಚಿತ್ರಗಳನ್ನು ಆ ದೇಶದ ಸಾಮೂಹಿಕ ಕನಸುಗಳೆಂದು ಓದುವ ಕ್ರಮ ಹೊಸದಲ್ಲ. ಈ ಕ್ರಮವನ್ನು ಅನುಸರಿಸಿದರೆ ಕೆನಡಾ ಕಂಡಿರುವ ಕನಸು ವಿಚಿತ್ರವಾದುದೆಂದೇ ಹೇಳಬೇಕಾಗುತ್ತದೆ. ಜಗತ್ತಿನ ಕಣ್ಣಿಗೆ ಶಾಂತ, ಸಮೃದ್ಧ, ಸಭ್ಯ ಎನಿಸಿಕೊಂಡಿರುವ ಈ ದೇಶದ ಗಣ್ಯ ಚಿತ್ರಗಳಲ್ಲಿ ಶವ, ರೋಗ, ಅಪಘಾತ, ವಿಲಕ್ಷಣ ಕಾಮ, ಒಡೆದ ಕುಟುಂಬ, ಗುರಿ ಮುಟ್ಟದ ಪ್ರಯಾಣಗಳು ಮತ್ತೆ ಮತ್ತೆ ಎದುರಾಗುತ್ತವೆ. ಶವಗಳನ್ನು ಪ್ರೀತಿಸುವ ಯುವತಿಯೊಬ್ಬಳ ಕತೆಯನ್ನು ಲಿನ್ ಸ್ಟಾಪ್ಕೆವಿಚ್ ‘ಕಿಸ್ಡ್’ (1996) ಚಿತ್ರದಲ್ಲಿ ಅಬ್ಬರವಿಲ್ಲದೆ, ಮೃದುವಾಗಿ ನಿರೂಪಿಸುತ್ತಾರೆ. ಡೆನಿ ವಿಲ್ನವ್ ಅವರ ‘ಮೇಲ್‌ಸ್ಟ್ರಾಮ್’ (2000) ಚಿತ್ರದ ಕತೆಯನ್ನು ಹೇಳುವುದು ಕಟುಕನ ಕತ್ತಿಗೆ ಕೊರಳೊಡ್ಡಿದ ಒಂದು ಮೀನು. ಕೆನಡಾ ಚಿತ್ರಗಳನ್ನು ಕುರಿತು 2001ರಲ್ಲಿ ಕ್ಯಾಥರೀನ್ ಮಂಕ್ ಪ್ರಕಟಿಸಿದ ಪುಸ್ತಕದ ಹೆಸರು ‘ವಿಯರ್ಡ್ ಸೆಕ್ಸ್ ಅಂಡ್ ಸ್ನೋಶೂಸ್’. ವಿಲಕ್ಷಣ ಕಾಮ ಮತ್ತು ಹಿಮಪಾದುಕೆ ಎಂಬ ಈ ಜೋಡಿಪದದಲ್ಲಿ ತಮಾಷೆಯಿದ್ದರೂ ಅದು ಸೂಚಿಸುವ ಸಂಗತಿ ನಿಜವಾದುದು.

ಇಲ್ಲಿ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಈ ಕತ್ತಲೆ ಎಲ್ಲಿಂದ ಬಂದಿತು? ಅದು ನೋಡುಗನನ್ನು ಸೆಳೆಯುವುದೇಕೆ? ಮೊದಲ ಪ್ರಶ್ನೆಗೆ ‘ರಾಷ್ಟ್ರೀಯ ಸ್ವಭಾವ’ ಎಂಬ ಉತ್ತರ ಬಹುಕಾಲ ಚಲಾವಣೆಯಲ್ಲಿದೆ. ಆ ಉತ್ತರ ಎಷ್ಟರಮಟ್ಟಿಗೆ ಸಮರ್ಪಕ ಎಂಬುದನ್ನು ಕೆಲವು ಮುಖ್ಯ ಚಿತ್ರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಕತ್ತಲೆ’ ಎಂಬ ಮಾತನ್ನು ಇಲ್ಲಿ ನಿರಾಶಾವಾದ ಎಂಬ ಅರ್ಥದಲ್ಲಿ ಬಳಸಿಲ್ಲ. ಸುಲಭವಾದ ಸಮಾಧಾನವನ್ನು ನಿರಾಕರಿಸುವ ನಿರೂಪಣೆಯ ನಿಲುವನ್ನು ಸೂಚಿಸಲು ಅದನ್ನು ಬಳಸಲಾಗಿದೆ.

2. ನೆರೆಮನೆಯ ನೆರಳು: ನಿರ್ಮಾಣದ ಚರಿತ್ರೆ

ಕೆನಡಾದ ಕಥಾಚಿತ್ರ ಪರಂಪರೆ ತಡವಾಗಿ ಬೆಳೆಯಿತು. ರಾಷ್ಟ್ರೀಯ ಚಲನಚಿತ್ರ ಮಂಡಳಿ 1939ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಆಯುಕ್ತರಾದವರು ಸ್ಕಾಟ್ಲೆಂಡಿನ ಜಾನ್ ಗ್ರಿಯರ್ಸನ್. ಹಾಲಿವುಡ್ಡಿನೊಂದಿಗೆ ಕಥಾಚಿತ್ರಗಳಲ್ಲಿ ಸ್ಪರ್ಧಿಸುವುದು ಕೆನಡಾಕ್ಕೆ ಸಲ್ಲದೆಂಬುದು ಅವರ ನಿಲುವಾಗಿತ್ತು. ಆದ್ದರಿಂದ ಸರಕಾರದ ಹಣ ಮತ್ತು ಪ್ರತಿಭೆಗಳೆರಡೂ ಸಾಕ್ಷ್ಯಚಿತ್ರದ ಕಡೆಗೆ ಹರಿದವು. 1948ರಲ್ಲಿ ಏರ್ಪಟ್ಟ ‘ಕೆನೇಡಿಯನ್ ಸಹಕಾರ ಯೋಜನೆ’ ಈ ಸ್ಥಿತಿಯನ್ನು ಇನ್ನಷ್ಟು ಗಟ್ಟಿಗೊಳಿಸಿತು. ಕೆನಡಾದ ಚಿತ್ರಮಂದಿರಗಳಿಂದ ತಮಗೆ ಬರುವ ಹಣಕ್ಕೆ ಅಡ್ಡಿಯಾಗದಿದ್ದರೆ ತಮ್ಮ ಚಿತ್ರಗಳಲ್ಲಿ ಕೆನಡಾದ ಹೆಸರನ್ನು ಆಗಾಗ ಉಲ್ಲೇಖಿಸುವುದಾಗಿಯೂ ಕೆಲವು ಚಿತ್ರಗಳನ್ನು ಅಲ್ಲಿಯೇ ಚಿತ್ರೀಕರಿಸುವುದಾಗಿಯೂ ಹಾಲಿವುಡ್ ಸಂಸ್ಥೆಗಳು ಮಾತುಕೊಟ್ಟವು. ಒಂದು ದೇಶ ತನ್ನ ಪರದೆಯನ್ನು ಬಿಟ್ಟುಕೊಟ್ಟು ಬದಲಿಗೆ ಪಡೆದದ್ದು ಸಂಭಾಷಣೆಯ ನಡುವೆ ಬರುವ ತನ್ನ ಹೆಸರನ್ನು ಎಂಬುದು ಗಮನಾರ್ಹ.

1967ರ ಕಾಯಿದೆಯ ಮೂಲಕ ಕೆನೇಡಿಯನ್ ಚಲನಚಿತ್ರ ಅಭಿವೃದ್ಧಿ ನಿಗಮ ಅಸ್ತಿತ್ವಕ್ಕೆ ಬಂದ ಮೇಲೆ ಕಥಾಚಿತ್ರಗಳಿಗೆ ಸಾರ್ವಜನಿಕ ಧನಸಹಾಯ ದೊರೆಯತೊಡಗಿತು. ಇದೇ ಸಂಸ್ಥೆ 1984ರಿಂದ ‘ಟೆಲಿಫಿಲ್ಮ್ ಕೆನಡಾ’ ಎನಿಸಿಕೊಂಡಿದೆ. 1970ರ ದಶಕದ ನಡುಭಾಗದಲ್ಲಿ ಚಿತ್ರಗಳಲ್ಲಿ ತೊಡಗಿಸಿದ ಹಣಕ್ಕೆ ಪೂರ್ಣ ತೆರಿಗೆ ವಿನಾಯಿತಿ ದೊರೆತಾಗ ಚಿತ್ರಗಳ ಸಂಖ್ಯೆ ಹೆಚ್ಚಿತು, ಆದರೆ ಅವುಗಳಲ್ಲಿ ಬಹಳಷ್ಟು ಅಮೆರಿಕದ ವೇಷ ತೊಟ್ಟ ಚಿತ್ರಗಳಾಗಿದ್ದವು. ಟೊರಾಂಟೊ, ಮಾಂಟ್ರಿಯಲ್ ನಗರಗಳು ಪರದೆಯ ಮೇಲೆ ಹೆಸರಿಲ್ಲದ ಅಮೆರಿಕದ ನಗರಗಳಾದವು. ಈ ವೇಷವನ್ನು ಕಳಚಿದವರು 1980ರ ದಶಕದಲ್ಲಿ ಬಂದ ಆಟಮ್ ಎಗೋಯನ್, ಪೆಟ್ರೀಶಿಯಾ ರೊಜೆಮಾ, ಬ್ರೂಸ್ ಮೆಕ್‌ಡೊನಾಲ್ಡ್ ಮೊದಲಾದ ನಿರ್ದೇಶಕರು. 1986ರಲ್ಲಿ ಸ್ಥಾಪನೆಯಾದ ಒಂಟಾರಿಯೊ ಪ್ರಾಂತದ ಚಲನಚಿತ್ರ ಅಭಿವೃದ್ಧಿ ನಿಗಮ ಹಾಗೂ 1976ರಿಂದ ನಡೆದುಬಂದ ಟೊರಾಂಟೊ ಚಿತ್ರೋತ್ಸವ ಇವರಿಗೆ ಆಸರೆಯಾದವು.

ಈ ಚರಿತ್ರೆಯಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಇಂಗ್ಲಿಷ್ ಮಾತನಾಡುವ ಕೆನಡಾದ ಚಿತ್ರಮಂದಿರಗಳು ಹೆಚ್ಚೂ ಕಡಿಮೆ ಹಾಲಿವುಡ್ಡಿನ ವಶದಲ್ಲಿದ್ದವು. ಮಾರುಕಟ್ಟೆಯೇ ಇಲ್ಲದ ಕಡೆ ಮಾರುಕಟ್ಟೆಯ ಅಂಜಿಕೆಯೂ ಇರುವುದಿಲ್ಲ. ಅಪಾರ ಜನರನ್ನು ಮೆಚ್ಚಿಸುವ ಹೊಣೆಯಿಂದ ಬಿಡುಗಡೆಗೊಂಡ ನಿರ್ದೇಶಕರು ಇಷ್ಟಪಟ್ಟಷ್ಟು ಕತ್ತಲೆಗೆ ಇಳಿಯಲು ಸಾಧ್ಯವಾಯಿತು. ಅಸಾಂಪ್ರದಾಯಿಕತೆಯ ಬೇರು ಸ್ವಲ್ಪಮಟ್ಟಿಗೆ ಈ ವಂಚಿತ ಸ್ಥಿತಿಯಲ್ಲಿಯೇ ಇದೆ.

3. ಸೋತವನ ಕತೆ ಮತ್ತು ‘ಬದುಕುಳಿಯುವಿಕೆ’ಯ ಸಿದ್ಧಾಂತ

ಡಾನ್ ಶೆಬಿಬ್ ನಿರ್ದೇಶನದ ‘ಗೋಯಿಂಗ್ ಡೌನ್ ದ ರೋಡ್’ (1970) ಈ ಪರಂಪರೆಯ ಆದ್ಯ ಕೃತಿಗಳಲ್ಲೊಂದು. ಪೂರ್ವ ಕರಾವಳಿಯ ಬಡ ಪ್ರದೇಶದಿಂದ ಪೀಟ್ ಮತ್ತು ಜೋಯಿ ಎಂಬ ಇಬ್ಬರು ಯುವಕರು ಹಳೆಯ ಕಾರಿನಲ್ಲಿ ಟೊರಾಂಟೊ ಸೇರುತ್ತಾರೆ. ಕೆಲಸ ಸಿಗುತ್ತದೆ, ಕೈತಪ್ಪುತ್ತದೆ. ಮದುವೆಯಾಗುತ್ತದೆ, ಬಾಡಿಗೆ ಕಟ್ಟಲಾಗುವುದಿಲ್ಲ. ಕೊನೆಗೆ ದಿನಸಿ ಕದಿಯಲು ಹೋಗಿ ಎಲ್ಲವೂ ಕೆಡುತ್ತದೆ. ಗರ್ಭಿಣಿ ಹೆಂಡತಿಯನ್ನು ಬಿಟ್ಟು ಇಬ್ಬರೂ ಮತ್ತೆ ರಸ್ತೆ ಹಿಡಿಯುತ್ತಾರೆ. ಅಮೆರಿಕದ ಚಿತ್ರಗಳಲ್ಲಿ ರಸ್ತೆಯೆಂದರೆ ಸ್ವಾತಂತ್ರ್ಯ. ಇಲ್ಲಿ ಅದು ಒಂದು ಸೋಲಿನಿಂದ ಮತ್ತೊಂದು ಸೋಲಿಗೆ ಒಯ್ಯುವ ದಾರಿ.

ಕ್ಲಾಡ್ ಜುತ್ರಾ ಅವರ ಫ್ರೆಂಚ್ ಚಿತ್ರ ‘ಮೊನ್ ಓಂಕ್ಲ್ ಆಂತ್ವಾನ್’ (1971) ಕ್ವಿಬೆಕ್‌ನ ಕಲ್ನಾರು ಗಣಿಗಳ ಊರಿನಲ್ಲಿ ಕ್ರಿಸ್‌ಮಸ್ ಹೊತ್ತಿನಲ್ಲಿ ನಡೆಯುತ್ತದೆ. ಸತ್ತ ಹುಡುಗನೊಬ್ಬನ ಶವಪೆಟ್ಟಿಗೆಯನ್ನು ತರಲು ಕುಡುಕ ಮಾವ ಆಂತ್ವಾನ್‌ನೊಡನೆ ಹೋದ ಬಾಲಕ ಬೆನ್ವಾ, ಪೆಟ್ಟಿಗೆ ಜಾರುಬಂಡಿಯಿಂದ ಬಿದ್ದು ಹಿಮದಲ್ಲಿ ಕಳೆದುಹೋಗುವುದನ್ನು ನೋಡುತ್ತಾನೆ. ಹಿರಿಯರ ದೌರ್ಬಲ್ಯ ಆ ರಾತ್ರಿ ಅವನಿಗೆ ತಿಳಿದುಬಿಡುತ್ತದೆ. ಬಹುಕಾಲ ಕೆನಡಾದ ಅತ್ಯುತ್ತಮ ಚಿತ್ರವೆಂದು ಎಣಿಸಲ್ಪಟ್ಟ ಈ ಕೃತಿಯ ನಿರ್ದೇಶಕರ ಮೇಲೆ 2016ರಲ್ಲಿ, ಅವರ ಮರಣಾನಂತರ, ಬಾಲಕರ ಲೈಂಗಿಕ ಶೋಷಣೆಯ ಆರೋಪಗಳು ಪ್ರಕಟವಾದವು. ಅವರ ಹೆಸರಿನಲ್ಲಿದ್ದ ಕ್ವಿಬೆಕ್‌ನ ಚಲನಚಿತ್ರ ಪ್ರಶಸ್ತಿಗಳಿಗೆ ಬೇರೆ ಹೆಸರಿಡಲಾಯಿತು. ಹಿರಿಯರ ನಡುವೆ ಅರಕ್ಷಿತನಾದ ಬಾಲಕನ ಈ ಕತೆಯನ್ನು ಇಂದು ಆ ಅರಿವಿಲ್ಲದೆ ನೋಡುವುದು ಕಷ್ಟ.

ಇಂತಹ ಕೃತಿಗಳು ಬರುತ್ತಿದ್ದಾಗಲೇ ಅವುಗಳನ್ನು ವಿವರಿಸುವ ಸಿದ್ಧಾಂತಗಳೂ ಸಿದ್ಧವಾದವು. ನಾರ್ತ್‌ರಪ್ ಫ್ರೈ 1965ರಲ್ಲಿ ಕೆನಡಾ ಸಾಹಿತ್ಯದ ‘ಕೋಟೆಯ ಮನಸ್ಸ’ನ್ನು ಗುರುತಿಸಿದ್ದರು. ವಿಸ್ತಾರವೂ ನಿರ್ದಯವೂ ಆದ ಪ್ರಕೃತಿಯ ನಡುವೆ ಗೋಡೆ ಕಟ್ಟಿಕೊಂಡು ಒಳಗೆ ಕುಳಿತ ಸಣ್ಣ ಸಮುದಾಯದ ಮನಸ್ಸು ಅದು. ಮಾರ್ಗರೆಟ್ ಆಟ್‌ವುಡ್ ‘ಸರ್ವೈವಲ್’ (1972) ಗ್ರಂಥದಲ್ಲಿ ಬದುಕುಳಿಯುವಿಕೆಯನ್ನು ಕೆನಡಾ ಸಾಹಿತ್ಯದ ಕೇಂದ್ರ ಪ್ರತೀಕವೆಂದೂ ಬಲಿಪಶುವಿನ ಸ್ಥಿತಿಯನ್ನು ಅದರ ಸಾಮಾನ್ಯ ನೆಲೆಯೆಂದೂ ವಾದಿಸಿದರು. ರಾಬರ್ಟ್ ಫೊದರ್‌ಗಿಲ್ 1973ರ ಲೇಖನದಲ್ಲಿ ಕೆನಡಾ ಚಿತ್ರಗಳ ನಾಯಕರನ್ನು ಹೇಡಿ, ಪೀಡಕ, ವಿದೂಷಕ ಎಂದು ಮೂರು ಬಗೆಯಾಗಿ ವಿಂಗಡಿಸಿ, ಅಮೆರಿಕವೆಂಬ ಅಣ್ಣನ ನೆರಳಿನಲ್ಲಿ ಬೆಳೆದ ತಮ್ಮನ ಸ್ವಪ್ನಲೋಕವನ್ನು ಅಲ್ಲಿ ಕಂಡರು.

ಈ ವಿವರಣೆಗಳಿಗೆ ಬಲವಿದೆ, ಅಪಾಯವೂ ಇದೆ. ನೂರಾರು ಕೃತಿಗಳ ನಡುವಿನ ವ್ಯತ್ಯಾಸವನ್ನು ಅಳಿಸಿ ಒಂದೇ ‘ಮನಸ್ಸ’ನ್ನು ಕಲ್ಪಿಸುವುದು ಮೊದಲ ಅಪಾಯ. ಆ ಮನಸ್ಸು ಯಾರದು ಎಂಬ ಪ್ರಶ್ನೆಯನ್ನು ಕೇಳದಿರುವುದು ಎರಡನೆಯದು. ಈ ಎರಡನೆಯ ಅಂಶವನ್ನು ಮುಂದೆ ಚರ್ಚಿಸಲಾಗಿದೆ.

4. ಜುಗುಪ್ಸೆಯಿಂದ ಭಯಕ್ಕೆ: ಕ್ರೋನೆನ್‌ಬರ್ಗ್

ಡೇವಿಡ್ ಕ್ರೋನೆನ್‌ಬರ್ಗ್ ಅವರ ‘ಶಿವರ್ಸ್’ (1975) ಚಿತ್ರ ಮಾಂಟ್ರಿಯಲ್‌ನ ದ್ವೀಪವೊಂದರಲ್ಲಿರುವ ಐಷಾರಾಮಿ ವಸತಿಗೃಹದಲ್ಲಿ ನಡೆಯುತ್ತದೆ. ಅಲ್ಲಿ ಪರಾವಲಂಬಿ ಹುಳುಗಳು ದೇಹದಿಂದ ದೇಹಕ್ಕೆ ಹರಡಿ ನಿವಾಸಿಗಳನ್ನು ಕಾಮೋನ್ಮತ್ತರನ್ನಾಗಿಸುತ್ತವೆ. ಸಾರ್ವಜನಿಕ ನಿಗಮದ ಧನಸಹಾಯದಿಂದ ತಯಾರಾದ ಈ ಚಿತ್ರವನ್ನು ಪತ್ರಕರ್ತ ರಾಬರ್ಟ್ ಫುಲ್‌ಫರ್ಡ್ ‘ಸ್ಯಾಟರ್‌ಡೇ ನೈಟ್’ ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದರು. ಇಂತಹ ಚಿತ್ರಕ್ಕೆ ತೆರಿಗೆದಾರನ ಹಣ ಏಕೆ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ರುಚಿಗೆ ಒಗ್ಗದ ಕಲೆಯನ್ನು ಸಾರ್ವಜನಿಕ ಹಣದಿಂದ ಪೋಷಿಸಬೇಕೆ? ಕ್ರೋನೆನ್‌ಬರ್ಗ್ ಅವರ ಮುಂದಿನ ಸಾಧನೆ ಒಂದು ಉತ್ತರವನ್ನು ನೀಡಿತು. ಅಂದು ನಿಂದೆಗೊಳಗಾದ ನಿರ್ದೇಶಕರು ‘ಕ್ರ್ಯಾಶ್’ (1996) ಚಿತ್ರಕ್ಕೆ ಕಾನ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆದರು.

ಕ್ರೋನೆನ್‌ಬರ್ಗ್ ಚಿತ್ರಗಳ ಆಕರ್ಷಣೆಯನ್ನು ಅರಿಯಲು ಭಾರತೀಯ ಕಾವ್ಯಮೀಮಾಂಸೆಯ ಒಂದು ಸೂಕ್ಷ್ಮ ನೆರವಾಗುತ್ತದೆ. ನಾಟ್ಯಶಾಸ್ತ್ರದಲ್ಲಿ ಭರತನು ಶೃಂಗಾರ, ರೌದ್ರ, ವೀರ, ಬೀಭತ್ಸ ಎಂಬ ನಾಲ್ಕು ರಸಗಳನ್ನು ಮೂಲವೆಂದು ಹೇಳಿ, ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎನ್ನುತ್ತಾನೆ. ಸಾಮಾನ್ಯ ಭೀತಿಚಿತ್ರಗಳಲ್ಲಿ ಭಯ ಹೊರಗಿನಿಂದ ಬರುತ್ತದೆ: ಬಾಗಿಲಾಚೆ ಯಾರೋ ಇದ್ದಾರೆ. ಕ್ರೋನೆನ್‌ಬರ್ಗ್ ಚಿತ್ರಗಳಲ್ಲಿ ಮೊದಲು ಮೂಡುವುದು ಜುಗುಪ್ಸೆ. ಅದು ನಮ್ಮದೇ ದೇಹವೆಂದು ಅರಿವಾದಾಗ ಜುಗುಪ್ಸೆ ಭಯವಾಗುತ್ತದೆ. ಬಾಗಿಲು ಹಾಕಿಕೊಂಡು ಈ ಭಯವನ್ನು ತಡೆಯಲಾಗದು.

‘ವಿಡಿಯೊಡ್ರೋಮ್’ (1983) ಚಿತ್ರದ ಮ್ಯಾಕ್ಸ್ ರೆನ್ ಟೊರಾಂಟೊದ ಸಣ್ಣ ದೂರದರ್ಶನ ವಾಹಿನಿಯೊಂದನ್ನು ನಡೆಸುವವನು. ಹಿಂಸೆಯನ್ನೇ ತೋರಿಸುವ ನಿಗೂಢ ಪ್ರಸಾರವೊಂದನ್ನು ಬೆನ್ನಟ್ಟಿದ ಅವನ ಹೊಟ್ಟೆ ಸೀಳಿಕೊಂಡು ವಿಡಿಯೊ ಕ್ಯಾಸೆಟ್ ತುರುಕುವ ಕಿಂಡಿಯಾಗುತ್ತದೆ. ಪರದೆಯ ಮೇಲಲ್ಲದೆ ಬೇರೆಲ್ಲಿಯೂ ಕಾಣಿಸಿಕೊಳ್ಳದ ಪ್ರಾಧ್ಯಾಪಕ ಓಬ್ಲಿವಿಯನ್ ಪಾತ್ರದ ಹಿಂದೆ ಟೊರಾಂಟೊ ವಿಶ್ವವಿದ್ಯಾಲಯದ ಮಾಧ್ಯಮ ಚಿಂತಕ ಮಾರ್ಷಲ್ ಮೆಕ್ಲುಹಾನ್ ಅವರ ನೆರಳಿದೆ. ಮಾಧ್ಯಮಗಳು ಮನುಷ್ಯನ ಇಂದ್ರಿಯಗಳ ವಿಸ್ತರಣೆ ಎಂಬ ಅವರ ಚಿಂತನೆಯನ್ನು ಕ್ರೋನೆನ್‌ಬರ್ಗ್ ರೂಪಕವಾಗಿ ಬಿಡದೆ ಮಾಂಸವಾಗಿಸುತ್ತಾರೆ. ‘ಡೆಡ್ ರಿಂಗರ್ಸ್’ (1988) ಇನ್ನೂ ಸಂಯಮದ ಕೃತಿ. ಅವಳಿ ಸ್ತ್ರೀರೋಗ ತಜ್ಞರಾದ ಬೆವರ್ಲಿ ಮತ್ತು ಎಲಿಯಟ್ ಒಬ್ಬರಿಂದೊಬ್ಬರು ಬೇರ್ಪಡಲಾರದೆ ನಾಶವಾಗುತ್ತಾರೆ. ಜೆರೆಮಿ ಐರನ್ಸ್ ಎರಡೂ ಪಾತ್ರಗಳನ್ನು ನಿರ್ವಹಿಸಿದ ಈ ಚಿತ್ರದಲ್ಲಿ ರಕ್ತಕ್ಕಿಂತ ಹೆಚ್ಚು ಭೀತಿ ಹುಟ್ಟಿಸುವುದು ಬೆವರ್ಲಿ ರೂಪಿಸಿಕೊಂಡ ವಿಕಾರ ಶಸ್ತ್ರೋಪಕರಣಗಳು. ಅವು ಹೇಗೆ ಬಳಕೆಯಾಗಬಹುದೆಂಬ ಊಹೆಯೇ ನೋಡುಗನನ್ನು ಕಾಡುತ್ತದೆ. ‘ಕ್ರೈಮ್ಸ್ ಆಫ್ ದ ಫ್ಯೂಚರ್’ (2022), ‘ದ ಶ್ರೌಡ್ಸ್’ (2024) ಚಿತ್ರಗಳವರೆಗೂ ದೇಹವೇ ಅವರ ಶೋಧನೆಯ ಕ್ಷೇತ್ರವಾಗಿ ಉಳಿದಿದೆ.

5. ದೂಷಿಸಲು ಯಾರೂ ಸಿಗದ ದುಃಖ: ಎಗೋಯನ್

ಆಟಮ್ ಎಗೋಯನ್ ಈಜಿಪ್ಟಿನ ಕೈರೊದಲ್ಲಿ 1960ರಲ್ಲಿ ಜನಿಸಿದ ಅರ್ಮೇನಿಯನ್ ಮೂಲದವರು, ಬೆಳೆದದ್ದು ಕೆನಡಾದ ಪಶ್ಚಿಮ ತೀರದಲ್ಲಿ. ಕಳೆದುಹೋದ ಮಗಳು, ಅಳಿಸಿಹೋದ ವಿಡಿಯೊ, ಹೇಳಲಾಗದ ನರಮೇಧ: ಅವರ ಚಿತ್ರಗಳು ಕಾಣೆಯಾದುದರ ಸುತ್ತ ಸುತ್ತುತ್ತವೆ. ‘ದ ಸ್ವೀಟ್ ಹಿಯರ್‌ಆಫ್ಟರ್’ (1997) ಇವುಗಳಲ್ಲಿ ಶ್ರೇಷ್ಠವಾದುದು. ರಸೆಲ್ ಬ್ಯಾಂಕ್ಸ್ ಅವರ ಕಾದಂಬರಿ ನ್ಯೂಯಾರ್ಕ್ ರಾಜ್ಯದ ಊರೊಂದರಲ್ಲಿ ನಡೆದರೆ ಎಗೋಯನ್ ಅದನ್ನು ಬ್ರಿಟಿಷ್ ಕೊಲಂಬಿಯದ ಬೆಟ್ಟಗಳಿಗೆ ತಂದಿದ್ದಾರೆ. ಶಾಲಾ ಬಸ್ಸೊಂದು ಹಿಮದ ರಸ್ತೆಯಿಂದ ಜಾರಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಿಲ್ಲುತ್ತದೆ. ಮಂಜುಗಡ್ಡೆ ಒಡೆದು ಮಕ್ಕಳು ಮುಳುಗುತ್ತಾರೆ. ಪರಿಹಾರ ಕೊಡಿಸುವುದಾಗಿ ನಗರದಿಂದ ಬರುವ ವಕೀಲ ಮಿಚೆಲ್ ಸ್ಟೀವನ್ಸ್, ಅಪಘಾತವೆಂಬುದೇ ಇಲ್ಲ, ಯಾರೋ ಎಲ್ಲಿಯೋ ತಪ್ಪಿದ್ದಾರೆ ಎಂದು ಪೋಷಕರನ್ನು ನಂಬಿಸುತ್ತಾನೆ. ಮಾದಕ ವ್ಯಸನಕ್ಕೆ ಬಿದ್ದ ತನ್ನ ಮಗಳನ್ನು ಕಳೆದುಕೊಳ್ಳುತ್ತಿರುವ ಅವನಿಗೂ ಒಬ್ಬ ತಪ್ಪಿತಸ್ಥ ಬೇಕಾಗಿದ್ದಾನೆ.

ಈ ಚಿತ್ರದಲ್ಲಿ ಎರಡು ನಿರಾಕರಣೆಗಳಿವೆ. ಅಪಘಾತದ ದೃಶ್ಯವನ್ನು ಎಗೋಯನ್ ದೂರದಿಂದ ತೋರಿಸುತ್ತಾರೆ. ಬಿಳಿಯ ಬಯಲಿನ ನಡುವೆ ಚಿಕ್ಕದಾದ ಬಸ್ಸು, ಒಂದು ಕ್ಷಣದ ಮೌನ, ಅನಂತರ ಕುಸಿತ. ಹತ್ತಿರ ಹೋಗಿ ಅಳಿಸುವ ಅವಕಾಶವನ್ನು ಅವರು ಬಿಟ್ಟುಕೊಡುತ್ತಾರೆ. ಎರಡನೆಯ ನಿರಾಕರಣೆ ನ್ಯಾಯಕ್ಕೆ ಸಂಬಂಧಿಸಿದ್ದು. ಬದುಕುಳಿದು ಕಾಲುಗಳ ಸ್ವಾಧೀನ ಕಳೆದುಕೊಂಡ ನಿಕೋಲ್ ತನ್ನ ಹೇಳಿಕೆಯಲ್ಲಿ ಸುಳ್ಳಾಡುತ್ತಾಳೆ: ಚಾಲಕಿ ಅತಿವೇಗವಾಗಿ ಓಡಿಸುತ್ತಿದ್ದಳು. ಮೊಕದ್ದಮೆ ಕುಸಿದುಬೀಳುತ್ತದೆ. ತನ್ನನ್ನು ಲೈಂಗಿಕವಾಗಿ ಬಳಸಿಕೊಂಡ ತಂದೆಗೆ ಪರಿಹಾರದ ಹಣ ದಕ್ಕದಂತೆ ಅವಳು ಮಾಡಿದ ಏರ್ಪಾಡು ಅದು. ಊರನ್ನು ವ್ಯಾಜ್ಯದಿಂದ ಉಳಿಸಿದ ಆ ಸುಳ್ಳಿನ ಬೆಲೆಯನ್ನು ನಿರಪರಾಧಿಯಾದ ಚಾಲಕಿ ತೆರಬೇಕಾಗುತ್ತದೆ. ನಿಕೋಲ್ ಮಾಡಿದ್ದು ಸರಿಯೇ? ಚಿತ್ರ ತೀರ್ಪು ಕೊಡುವುದಿಲ್ಲ. ಆ ಹೊಣೆಯನ್ನು ನೋಡುಗನಿಗೆ ವರ್ಗಾಯಿಸುತ್ತದೆ. ಕರುಣ ರಸ ಆಸ್ವಾದ್ಯವಾಗುವುದು ಹೇಗೆ ಎಂಬ ಪ್ರಾಚೀನ ಪ್ರಶ್ನೆಗೆ ಇಲ್ಲೊಂದು ಉತ್ತರದ ಸುಳಿವಿದೆ. ದುಃಖವನ್ನು ಯಾರದೋ ತಪ್ಪಾಗಿ ಕಿರಿದುಗೊಳಿಸದೆ ದುಃಖವಾಗಿಯೇ ಉಳಿಸಿದಾಗ ಅದು ಎಲ್ಲರದಾಗುತ್ತದೆ.

6. ಸಭ್ಯತೆಯ ಕೊನೆಯ ರಾತ್ರಿ

ಕತ್ತಲೆಯೊಂದಿಗೆ ಹಾಸ್ಯವನ್ನು ಬೆರೆಸುವುದು ಈ ಚಿತ್ರಗಳ ಇನ್ನೊಂದು ಲಕ್ಷಣ. ಡಾನ್ ಮೆಕೆಲರ್ ಅವರ ‘ಲಾಸ್ಟ್ ನೈಟ್’ (1998) ಚಿತ್ರದಲ್ಲಿ ಜಗತ್ತು ಆ ರಾತ್ರಿ ಹನ್ನೆರಡಕ್ಕೆ ಕೊನೆಗೊಳ್ಳಲಿದೆ. ಕಾರಣವನ್ನು ಎಲ್ಲಿಯೂ ಹೇಳುವುದಿಲ್ಲ. ಸೂರ್ಯ ಮುಳುಗುತ್ತಿಲ್ಲ ಎಂಬುದಷ್ಟೇ ಗೊತ್ತು. ಹಾಲಿವುಡ್ಡಿನಲ್ಲಾಗಿದ್ದರೆ ಯಾರಾದರೂ ಜಗತ್ತನ್ನು ಉಳಿಸಬೇಕಿತ್ತು. ಇಲ್ಲಿ ಅನಿಲ ಪೂರೈಕೆ ಸಂಸ್ಥೆಯ ಅಧಿಕಾರಿಯೊಬ್ಬ ಗ್ರಾಹಕರಿಗೆ ಒಬ್ಬೊಬ್ಬರಾಗಿ ದೂರವಾಣಿ ಕರೆಮಾಡಿ, ಕೊನೆಯ ಕ್ಷಣದವರೆಗೂ ಪೂರೈಕೆ ನಿಲ್ಲದೆಂದು ತಿಳಿಸಿ ಧನ್ಯವಾದ ಹೇಳುತ್ತಾನೆ. ಆ ಪಾತ್ರದಲ್ಲಿ ನಟಿಸಿದವರು ಕ್ರೋನೆನ್‌ಬರ್ಗ್. ಸಭ್ಯತೆಯನ್ನು ಈ ಚಿತ್ರ ನಗೆಗೀಡುಮಾಡುತ್ತಲೇ ಅದರ ಘನತೆಯನ್ನೂ ಕಾಣಿಸುತ್ತದೆ. ಗೈ ಮ್ಯಾಡಿನ್ ಅವರ ‘ಮೈ ವಿನ್ನಿಪೆಗ್’ (2007) ಸಾಕ್ಷ್ಯಚಿತ್ರದ ವೇಷದಲ್ಲಿರುವ ಸ್ವಪ್ನ. ಊರು ಬಿಡಲೆತ್ನಿಸುವ ನಿರೂಪಕ ರೈಲಿನಲ್ಲಿ ತೂಕಡಿಸುತ್ತಲೇ ಇರುತ್ತಾನೆ. ಬೆಂಕಿಗೆ ಹೆದರಿ ನದಿಗೆ ಧುಮುಕಿದ ಕುದುರೆಗಳ ತಲೆಗಳು ಮಂಜುಗಡ್ಡೆಯ ಮೇಲೆ ಹೆಪ್ಪುಗಟ್ಟಿ ನಿಂತಿವೆ, ಪ್ರೇಮಿಗಳು ಅವುಗಳ ನಡುವೆ ವಿಹರಿಸುತ್ತಾರೆ. ಗ್ರಿಯರ್ಸನ್ ಹಾಕಿಕೊಟ್ಟ ಸಾಕ್ಷ್ಯಚಿತ್ರ ಪರಂಪರೆಯೇ ಇಲ್ಲಿ ಕಲ್ಪಿತ ಪುರಾಣಕ್ಕೆ ಹೊದಿಕೆಯಾಗಿದೆ.

7. ನುಡಿಯೇ ಸೋಂಕಾದಾಗ

ಭಾಷಾಧ್ಯಯನದಲ್ಲಿ ಆಸಕ್ತಿಯುಳ್ಳವರು ವಿಶೇಷವಾಗಿ ಗಮನಿಸಬೇಕಾದ ಚಿತ್ರ ಬ್ರೂಸ್ ಮೆಕ್‌ಡೊನಾಲ್ಡ್ ಅವರ ‘ಪಾಂಟಿಪೂಲ್’ (2008). ಒಂಟಾರಿಯೊದ ಪುಟ್ಟ ಊರಿನ ಚರ್ಚಿನ ನೆಲಮಾಳಿಗೆಯಲ್ಲೊಂದು ಬಾನುಲಿ ಕೇಂದ್ರ. ಹೊರಗೆ ಜನ ಹುಚ್ಚೆದ್ದು ಕೊಲ್ಲುತ್ತಿದ್ದಾರೆಂಬ ಸುದ್ದಿ ಬರುತ್ತದೆ. ನೋಡುಗನಿಗೆ ಹೊರಗಿನದು ಬಹುಮಟ್ಟಿಗೆ ಕಾಣುವುದಿಲ್ಲ, ಕೇಳುತ್ತದೆ ಮಾತ್ರ. ಕ್ರಮೇಣ ತಿಳಿಯುವುದೇನೆಂದರೆ, ಸೋಂಕು ಹರಡುತ್ತಿರುವುದು ಗಾಳಿಯಿಂದಲೋ ರಕ್ತದಿಂದಲೋ ಅಲ್ಲ, ಮಾತಿನಿಂದ. ಇಂಗ್ಲಿಷಿನ ಕೆಲವು ಪದಗಳು, ಅದರಲ್ಲಿಯೂ ಮುದ್ದಿನ ಮಾತುಗಳು, ಸೋಂಕಿಗೆ ಒಳಗಾಗಿವೆ. ಪದವನ್ನು ಕೇಳಿ ‘ಅರ್ಥ ಮಾಡಿಕೊಂಡವರು’ ಅದನ್ನೇ ತೊದಲುತ್ತಾ ಬುದ್ಧಿ ಕಳೆದುಕೊಳ್ಳುತ್ತಾರೆ.

ಫ್ರೆಂಚ್ ಭಾಷೆಗೆ ಸೋಂಕು ತಗುಲಿಲ್ಲ. ಇಂಗ್ಲಿಷಿನಲ್ಲಿ ಮಾತನಾಡಬೇಡಿ ಎಂಬ ಸೂಚನೆ ಫ್ರೆಂಚಿನಲ್ಲಿ ಬರುತ್ತದೆ. ಅದರ ಇಂಗ್ಲಿಷ್ ಅನುವಾದವನ್ನು ನಿರೂಪಕ ಗ್ರಾಂಟ್ ಮ್ಯಾಜಿ ಪ್ರಸಾರ ಮಾಡುತ್ತಾನೆ. ಈ ಸೂಚನೆಯನ್ನು ಅನುವಾದಿಸಬೇಡಿ ಎಂಬುದು ಅದರ ಕೊನೆಯ ವಾಕ್ಯ. 1969ರ ಅಧಿಕೃತ ಭಾಷೆಗಳ ಕಾಯಿದೆಯಿಂದ ಎಲ್ಲವನ್ನೂ ಎರಡು ಭಾಷೆಗಳಲ್ಲಿ ಹೇಳಲು ರೂಢಿಸಿಕೊಂಡ ದೇಶದಲ್ಲಿ ಈ ವ್ಯಂಗ್ಯ ಬಹಳ ಮೊನಚಾದುದು. ಬದುಕುಳಿಯುವ ಉಪಾಯವೂ ಭಾಷಿಕವಾದುದೇ: ‘ಕೊಲ್ಲು’ ಎಂಬ ಪದದ ಅರ್ಥವನ್ನು ‘ಮುತ್ತಿಡು’ ಎಂದು ಮನಸ್ಸಿನಲ್ಲಿ ಬದಲಿಸಿಕೊಳ್ಳುವುದು. ಪದಕ್ಕೂ ಅರ್ಥಕ್ಕೂ ಇರುವ ಸಂಬಂಧ ಯಾದೃಚ್ಛಿಕ ಎಂಬ ಭಾಷಾವಿಜ್ಞಾನದ ಮೂಲಪಾಠವೇ ಇಲ್ಲಿ ಪ್ರಾಣರಕ್ಷಕವಾಗುತ್ತದೆ. ಪ್ರಬಲ ಭಾಷೆಯೊಂದರ ಸವೆದ ಪದಗಳು ಆಡುವವರ ಬುದ್ಧಿಯನ್ನು ತಿನ್ನುತ್ತವೆ ಎಂಬ ಈ ಕಲ್ಪನೆ, ಇಂಗ್ಲಿಷಿನ ಮಗ್ಗುಲಲ್ಲಿ ಬಾಳುವ ಯಾವ ನುಡಿಯವರಿಗೂ ಪರಕೀಯವೆನಿಸದು.

8. ಹಿಮ ಯಾರದು?

ಕೋಟೆಯ ಮನಸ್ಸು, ಬದುಕುಳಿಯುವಿಕೆ ಮೊದಲಾದ ಸಿದ್ಧಾಂತಗಳು ಹಿಮವನ್ನು ಶತ್ರುವೆಂದು ಭಾವಿಸುತ್ತವೆ. ಜಕರಾಯಸ್ ಕುನುಕ್ ನಿರ್ದೇಶನದ ‘ಅಟನಾರ್ಜುವಾತ್’ (2001) ಈ ಭಾವನೆಯನ್ನು ಬುಡಮೇಲು ಮಾಡುತ್ತದೆ. ಇನುಕ್ಟಿಟುಟ್ ಭಾಷೆಯಲ್ಲಿ, ಬಹುಮಟ್ಟಿಗೆ ಇನ್ಯುಯಿಟ್ ಕಲಾವಿದರಿಂದ ರೂಪುಗೊಂಡ ಈ ಚಿತ್ರ ಕಾನ್ ಉತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ನೀಡುವ ಕ್ಯಾಮರಾ ದೋರ್ ಬಹುಮಾನ ಪಡೆಯಿತು. ಕೊಲೆಗಡುಕರಿಂದ ತಪ್ಪಿಸಿಕೊಂಡು ನಾಯಕ ಬೆತ್ತಲೆಯಾಗಿ ಮಂಜುಗಡ್ಡೆಯ ಬಯಲಿನಲ್ಲಿ ಓಡುವ ದೃಶ್ಯ ಪ್ರಸಿದ್ಧವಾದುದು. ಅಲ್ಲಿ ಅಪಾಯವಿರುವುದು ಹಿಮದಲ್ಲಿಲ್ಲ, ಅಸೂಯೆಯಲ್ಲಿದೆ. ಹಿಮ ಅವರ ಮನೆಯಂಗಳ. ಮೂಲ ಐತಿಹ್ಯದಲ್ಲಿ ನಾಯಕ ಶತ್ರುಗಳನ್ನು ಕೊಲ್ಲುತ್ತಾನೆ. ಚಿತ್ರದಲ್ಲಿ ಕೊಲೆಯ ಸರಣಿ ಇಲ್ಲಿಗೆ ನಿಲ್ಲಲಿ ಎಂದು ಆಯುಧವನ್ನು ನೆಲಕ್ಕೆ ಅಪ್ಪಳಿಸುತ್ತಾನೆ.

ಜೆಫ್ ಬಾರ್ನಬಿ ಅವರ ‘ರೈಮ್ಸ್ ಫಾರ್ ಯಂಗ್ ಗೂಲ್ಸ್’ (2013) ಚಿತ್ರದಲ್ಲಿ ಕತ್ತಲೆಯ ಮೂಲ ಇನ್ನೂ ನಿಚ್ಚಳವಾಗಿದೆ. 1976ರಲ್ಲಿ ನಡೆಯುವ ಈ ಕತೆಯ ಮಿಗ್ಮಾ ಸಮುದಾಯದ ಹುಡುಗಿ ಐಲಾ, ಮೂಲನಿವಾಸಿ ಮಕ್ಕಳನ್ನು ಬಲವಂತವಾಗಿ ಕೂಡಿಹಾಕುತ್ತಿದ್ದ ವಸತಿಶಾಲೆಯಿಂದ ತಪ್ಪಿಸಿಕೊಳ್ಳಲು ಅಧಿಕಾರಿಗೆ ಲಂಚ ಕೊಡಬೇಕು. ಲಂಚಕ್ಕಾಗಿ ಮಾದಕ ವಸ್ತು ಮಾರಬೇಕು. ಈ ಶಾಲೆಗಳಲ್ಲಿ ನಡೆದುದನ್ನು ಸತ್ಯ ಮತ್ತು ಸಾಮರಸ್ಯ ಆಯೋಗದ 2015ರ ವರದಿ ಸಾಂಸ್ಕೃತಿಕ ನರಮೇಧವೆಂದು ಕರೆಯಿತು. ಬಾರ್ನಬಿ 2022ರಲ್ಲಿ ತೀರಿಕೊಂಡರು. ಅವರ ‘ಬ್ಲಡ್ ಕ್ವಾಂಟಮ್’ (2019) ಚಿತ್ರದಲ್ಲಿ ಸತ್ತವರನ್ನು ಎಬ್ಬಿಸುವ ಸೋಂಕು ಮೂಲನಿವಾಸಿಗಳಿಗೆ ಮಾತ್ರ ತಗುಲುವುದಿಲ್ಲ. ವಲಸಿಗರು ಆಶ್ರಯ ಬೇಡಿ ಅವರ ಬಾಗಿಲಿಗೆ ಬರುತ್ತಾರೆ. ಫ್ರೈ ಕಂಡ ಕೋಟೆಯ ಗೋಡೆ ಇಲ್ಲಿಯೂ ಇದೆ, ಆದರೆ ಒಳಗಿರುವವರು ಮತ್ತು ಹೊರಗಿರುವವರು ಅದಲುಬದಲಾಗಿದ್ದಾರೆ.

9. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕೆನಡಾ ಚಿತ್ರಗಳ ಕತ್ತಲೆಯನ್ನು ಚಳಿ, ಹಿಮ, ಒಂಟಿತನಗಳಿಂದ ಹುಟ್ಟಿದ ರಾಷ್ಟ್ರೀಯ ಸ್ವಭಾವವೆಂದಷ್ಟೇ ವಿವರಿಸಲಾಗದು. ನೆರೆಯ ಬೃಹತ್ ಉದ್ಯಮ ಮಾರುಕಟ್ಟೆಯನ್ನು ಆಕ್ರಮಿಸಿದ್ದರಿಂದ ಉಂಟಾದ ವಂಚನೆ, ಆ ವಂಚನೆಯ ನಡುವೆ ಸಾರ್ವಜನಿಕ ಧನಸಹಾಯ ಒದಗಿಸಿದ ಸ್ವಾತಂತ್ರ್ಯ ಇವೆರಡೂ ಅದನ್ನು ರೂಪಿಸಿವೆ. ಸಭ್ಯ ದೇಶವೆಂಬ ಬಿಂಬದ ಅಡಿಯಲ್ಲಿ ಹೂತಿಟ್ಟ ಚರಿತ್ರೆ ಮೂಲನಿವಾಸಿಗಳ ಚಿತ್ರಗಳ ಮೂಲಕ ಮೇಲೆದ್ದಿರುವುದರಿಂದ ‘ಕೆನಡಾದ ಮನಸ್ಸು’ ಎಂಬ ಏಕವಚನವೇ ಪ್ರಶ್ನಾರ್ಹವಾಗಿದೆ.

ಆಕರ್ಷಣೆಯ ಮಾತಿಗೆ ಬಂದರೆ, ಈ ಚಿತ್ರಗಳು ನೋಡುಗನಿಗೆ ನಾಯಕನನ್ನಾಗಲಿ ತೀರ್ಪನ್ನಾಗಲಿ ನೀಡುವುದಿಲ್ಲ. ನಿಕೋಲ್‌ಳ ಸುಳ್ಳು, ಮ್ಯಾಕ್ಸ್‌ನ ದೇಹ, ಕೊನೆಯ ರಾತ್ರಿಯ ದೂರವಾಣಿ ಕರೆ, ಇವುಗಳನ್ನು ಏನು ಮಾಡಬೇಕೆಂಬುದನ್ನು ಅವನೇ ನಿರ್ಧರಿಸಬೇಕು. ಫುಲ್‌ಫರ್ಡ್ 1975ರಲ್ಲಿ ಎತ್ತಿದ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ಜನ ಬಯಸಿದ್ದನ್ನು ಕೊಡಲು ಮಾರುಕಟ್ಟೆ ಇದ್ದೇ ಇದೆ. ಜನ ಇನ್ನೂ ಬಯಸಲು ಅರಿಯದ, ನೋಡಲು ಅಂಜುವ, ಆದರೆ ನೋಡಲೇಬೇಕಾದುದನ್ನು ಕಾಣಿಸುವ ಕಲೆಗೆ ಆಸರೆ ಬೇಕಾಗುತ್ತದೆ. ಆ ಆಸರೆ ದೊರೆತಾಗ ಏನಾಗಬಹುದೆಂಬುದಕ್ಕೆ ಕೆನಡಾದ ಈ ಚಿತ್ರಗಳು ನಿದರ್ಶನವಾಗಿವೆ.